ನರ್ಸಬಾಯಾರು ಉಳಿಸಿದ ಅರ್ಧ ಹುಣಸೆ

ಮೊನ್ನೆ ಮಾಳಿಗೆಯ ಮೇಲೆ, ಗಿಡಗಳ ಗೊಬ್ಬರಕ್ಕೆಂದು ಬಕೆಟ್ಟಿನಲ್ಲಿ ನೆನೆಸಿಟ್ಟಿದ್ದ ಬೇವಿನ ಹಿಂಡಿಯ ಮುಚ್ಚಳ ತೆಗೆದೆ. ಕಹಿ, ಹುಳಿ, ಸ್ವಲ್ಪ ಕೊಳೆತ ಆ ವಾಸನೆ ಮುಖಕ್ಕೆ ರಪ್ಪನೆ ಬಡಿಯಿತು. ಬಟ್ಟೆ ಒಣಹಾಕಲು ಬಂದಿದ್ದ ಅತ್ತೆ ಮೂಗಿಗೆ ಸೆರಗು ಹಿಡಿದು ಕೆಳಗಿಳಿದರು. ನಾನು ಅಲ್ಲೇ ನಿಂತೆ. ಎಷ್ಟೋ ವರ್ಷ ನನಗೆ ರವಿವಾರದ ಬೆಳಗೆಂದರೆ ಈ ವಾಸನೆಯೇ ಆಗಿತ್ತು. ಅದರ ಬೆನ್ನಿಗೇ ನರ್ಸಬಾಯಾರು...

ಅವರು ಹುನಗುಂದದ ದವಾಖಾನೆಯಲ್ಲಿ ದುಡಿದು ನಿವೃತ್ತರಾದವರು. ಆಮೇಲೆ ನವನಗರದಲ್ಲಿ, ನಮ್ಮ ಹಿಂದಿನ ಓಣಿಯ ತಮ್ಮನ ಮನೆಗೆ ಬಂದಿದ್ದರು. ಊರಿಗೆಲ್ಲ ಅವರು ನರ್ಸಬಾಯಾರು. ನಮಗೆ ಬರಿಯ ಬಾಯಾರು.

ನಮ್ಮದು ಹೇಳಿಕೊಳ್ಳಲು ಬೋನ್ಸಾಯ್ ಕ್ಲಬ್. ಇದ್ದವರು ನಾಲ್ಕೇ ಜನ. ಬ್ಯಾಂಕಿನಿಂದ ನಿವೃತ್ತರಾದ ಸಾಹೇಬರು, ಹೂವಿನ ಗಿಡ ಬಿಟ್ಟು ಬೇರೆ ಮುಟ್ಟದ ಡಾಕ್ಟರರ ಹೆಂಡತಿ, ಇಳಕಲ್ಲಿನಿಂದ ಬಸ್ಸಿನಲ್ಲಿ ಬರುವ ಸೀರೆ ಅಂಗಡಿಯ ಅಣ್ಣಾರು, ಮತ್ತು ಎಲ್ಲರನ್ನು ನೋಡಿ ಕಲಿಯುತ್ತಿದ್ದ ನಾನು. ರವಿವಾರ ಬೆಳಗ್ಗೆ ಸಾಹೇಬರ ಮಾಳಿಗೆಯ ಮೇಲೆ ಸೇರುತ್ತಿದ್ದೆವು. ಸಾಹೇಬರ ತಾಯಿಗೆ ಇಂಜೆಕ್ಷನ್ ಕೊಡಲು ಬಂದ ಬಾಯಾರು ಒಂದು ದಿನ ಕುತೂಹಲಕ್ಕೆ ಮೇಲೆ ಹತ್ತಿ ಬಂದರು. ಸಾಹೇಬರು ಅತ್ತಿಯ ಕೊಂಬೆಗೆ ತಂತಿ ಸುತ್ತುತ್ತಿದ್ದರು.

"ಸಾಹೇಬ್ರ, ಪಟ್ಟಿ ಭಾಳ ಬಿಗಿ ಆತ್ರಿ. ರಕ್ತ ಆಡಬೇಕಲ್ರಿ ಅದಕ್ಕ?"

ಸಾಹೇಬರು ಜೋರಾಗಿ ನಕ್ಕು ತಂತಿ ಸಡಿಲಿಸಿದರು. ಮುಂದಿನ ರವಿವಾರ ಬಾಯಾರು ತಮ್ಮದೇ ಕತ್ತರಿಯೊಂದಿಗೆ ಬಂದರು.

ಅವರಿಗೆ ಅಂಗಡಿಯಿಂದ ತಂದ ಗಿಡ ಸೇರುತ್ತಿರಲಿಲ್ಲ. ಮಹಾಕೂಟದ ಕಡೆ ಹೋದಾಗ ಹಾದಿಬದಿಯ ಕವಳಿ, ಬಾರಿಹಣ್ಣಿನ ಮುಳ್ಳುಗಿಡಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಬಿಡುತ್ತಿದ್ದರು. ಆಡುಗಳು ಚಿಗುರು ಮೇಯ್ದು ಮೇಯ್ದು, ಮೊಳಕಾಲೆತ್ತರಕ್ಕೇ ಬೊಡ್ಡೆ ಬಲಿತು ಮುದಿಯಾದ ಗಿಡಗಳು ಅವು. "ನೋಡ ತಂಗಿ, ನಮಗಿಂತ ಮೊದ್ಲ ಆಡು ಕಲತಾವ ಇದನ್ನ," ಎಂದು ನಗುತ್ತಿದ್ದರು. ಅಲ್ಲಿಂದ ಒಂದನ್ನೂ ಕಿತ್ತು ತರಲಿಲ್ಲ. ನೋಡಿ ಬಂದು, ಮನೆಯಲ್ಲಿ ಬೀಜ ಹಾಕುತ್ತಿದ್ದರು.

ಒಂದು ಬೇಸಿಗೆಯಲ್ಲಿ ಇಳಕಲ್ಲಿನ ಅಣ್ಣಾರು ಒದ್ದೆ ಸೀರೆಯಲ್ಲಿ ಸುತ್ತಿದ ಕುಂಡವೊಂದನ್ನು ಎದೆಗವುಚಿಕೊಂಡು ಮಾಳಿಗೆ ಹತ್ತಿದರು. ಬಿಚ್ಚಿದರೆ, ಅವರ ತಂದೆಯ ಹುಣಸೆ. ಆ ಹಿರಿಯರು ಬೋನ್ಸಾಯ್ ಎಂಬ ಮಾತನ್ನೇ ಕೇಳಿದವರಲ್ಲ. ಅಂಗಡಿಯ ಕಟ್ಟೆ ಇಕ್ಕಟ್ಟು, ಗಿರಾಕಿಗಳ ಸೆರಗಿಗೆ ಕೊಂಬೆ ತಾಗಬಾರದೆಂದು ಬದುಕಿರುವ ತನಕ ಚಿವುಟುತ್ತ ಬಂದದ್ದರಿಂದ ಆ ಹುಣಸೆ ತಾನಾಗಿಯೇ ಗಿಡ್ಡ ಮರವಾಗಿತ್ತು. ಕ್ಲಬ್ಬಿನಲ್ಲಿ ಅದರಂಥ ಗಿಡ ಇನ್ನೊಂದಿರಲಿಲ್ಲ. ಈಗ ಅದರ ಎಲೆಯೆಲ್ಲ ಉದುರಿ, ಕೊಂಬೆ ಮುಟ್ಟಿದರೆ ಮುರಿಯುವಂತಿತ್ತು.

"ಮಗಳ ಲಗ್ನದ ಗದ್ದಲದಾಗ ಯಾರೋ ನೀರ ಹಾಕ್ಯಾರ ಅಂತ ಎಲ್ಲಾರೂ ಸುಮ್ನಾಗೇವ್ರಿ ಬಾಯಾರ," ಎಂದರು ಅಣ್ಣಾರು. ಅಷ್ಟು ದೊಡ್ಡ ಆಳು ನಮ್ಮೆಲ್ಲರ ಎದುರು ಅತ್ತರು.

ಹೊಸ ಸಸಿ ಹಚ್ಚೋಣ ಎಂದು ಸಾಹೇಬರು ಮೆಲ್ಲಗೆ ಅಂದರು. ಬಾಯಾರು ಕನ್ನಡಕ ಏರಿಸಿಕೊಂಡು, ಬೊಡ್ಡೆಯ ಸುತ್ತ ಉಗುರಿನಿಂದ ತೊಗಟೆ ಕೆರೆಯುತ್ತ ಹೋದರು. ಕಂದು... ಕಂದು... ಕಂದು. ಬುಡದ ಹತ್ತಿರ ಒಂದು ಕಡೆ ಮಾತ್ರ, ದಾರದಷ್ಟು ಹಸಿರು.

"ಖರೆ ಹೇಳ್ತೇನ್ರಿ ಅಣ್ಣಾರ. ಮ್ಯಾಲಿಂದು ಹೋಗೇತಿ, ಅದು ಬರೂದಿಲ್ಲ. ಈ ಕಡೆ ಒಂದೀಟು ಜೀವ ಐತಿ. ಅದಕ್ಕ ನಾ ದುಡಿತೇನಿ. ಉಳಿಯೂದು ನನ್ನ ಕೈಯಾಗಿಲ್ಲ."

ದವಾಖಾನೆಯಲ್ಲಿ ಎಷ್ಟು ಮಂದಿಯ ಮುಂದೆ ಹೀಗೆ ನಿಂತು ಹೇಳಿದ್ದರೋ ಆಕೆ! ಆ ದನಿಯಲ್ಲಿ ಸುಳ್ಳು ಭರವಸೆಯಿರಲಿಲ್ಲ. ಆದರೂ ಅದನ್ನು ಕೇಳಿದ ಮೇಲೆ ಅಣ್ಣಾರು ಕಣ್ಣೊರೆಸಿಕೊಂಡು ಕುಂಡವನ್ನು ಅವರ ಕೈಗಿತ್ತರು.

ಬಾಯಾರು ಕುದಿಸಿದ ಕತ್ತರಿಯಿಂದ ಒಣಗಿದ ಬೇರುಗಳನ್ನು ತೆಗೆದರು. ಉಸುಕು, ಇಟ್ಟಂಗಿ ಚೂರು ತುಂಬಿದ ಹೊಸ ಕುಂಡಕ್ಕೆ ಇಳಿಸಿ, ಮೇಲೊಂದು ಪ್ಲಾಸ್ಟಿಕ್ ಚೀಲ ಮುಚ್ಚಿ, ಮೆಟ್ಟಿಲ ಜಿನೆಯ ಕೆಳಗಿನ ನೆರಳಲ್ಲಿಟ್ಟರು. ಅಣ್ಣಾರು ವಾರವಾರ ಬಂದು "ಹೆಂಗೈತ್ರಿ?" ಎನ್ನುತ್ತಿದ್ದರು. "ಹಂಗ ಐತಿ" ಎನ್ನುತ್ತಿದ್ದರು ಬಾಯಾರು. ರೋಹಿಣಿ ಮಳೆ ಹೋಯಿತು, ಮೃಗಶಿರ ಹೋಯಿತು. ನಾವೆಲ್ಲ ಒಳಗೊಳಗೇ ಕೈಬಿಟ್ಟಿದ್ದೆವು. ಶ್ರಾವಣದಲ್ಲಿ ಬುಡದ ಪಕ್ಕ ಸಾಸಿವೆ ಕಾಳಿನಷ್ಟು ಕೆಂಪು ಚಿಗುರು ಕಂಡಾಗಲೂ ಅವರು, "ಇನ್ನ ಹಿಗ್ಗಬ್ಯಾಡ್ರಿ," ಎಂದೇ ಅಂದರು.

ಚಿಗುರು ರೆಂಬೆಯಾಗಲು ಮತ್ತೊಂದು ಮಳೆಗಾಲವೇ ಬೇಕಾಯಿತು. ಒಣಗಿದ ಮೇಲ್ಭಾಗ ಕತ್ತರಿಸಿಬಿಡೋಣವೇ ಎಂದು ಸಾಹೇಬರು ಕೇಳಿದರು.

"ಅದನ್ಯಾಕ ತಗೀಬೇಕ್ರಿ ಸಾಹೇಬ್ರ? ಅವರಪ್ಪ ಇಷ್ಟ ವರ್ಷ ಬೆಳಿಸಿದ್ದು ಅದನ್ನ."

ಒಂದು ಚಳಿಗಾಲವಿಡೀ ಬಾಯಾರು ಹಳೆಯ ಹಲ್ಲುಜ್ಜುವ ಬ್ರಶ್ ಹಿಡಿದು ಆ ಒಣ ಕಟ್ಟಿಗೆಯನ್ನು ತಿಕ್ಕಿದರು. ಅದು ಕೊಳೆಯದೆ ಬೆಳ್ಳಗಾಗಲೆಂದು ಸುಣ್ಣ, ಗಂಧಕ ಕುದಿಸಿದ ನೀರು ಸವರಿದರು. ಆಮೇಲೊಂದು ರವಿವಾರ ಮಾಳಿಗೆಯ ನಡುವೆ ತಂದಿಟ್ಟರು. ಬೆಳ್ಳಗೆ, ಎಲುಬಿನಂತೆ ನಿಂತ ಬೊಡ್ಡೆ. ಅದನ್ನು ಬಳಸಿಕೊಂಡು ಮೇಲೇರಿದ ಬೆರಳುಗಾತ್ರದ ಜೀವಂತ ರೆಂಬೆ. ಅದರ ತುದಿಗೆ ಎಳೆಹಸಿರಿನ ಗೊಂಚಲು. ಸತ್ತದ್ದೂ ಬದುಕಿದ್ದೂ ಒಂದೇ ಮರವಾಗಿ ನಿಂತಿತ್ತು. ಬಾದಾಮಿಯ ಬಂಡೆಗಳ ಕೆಳಗೆ ನಿಂತು ತಲೆಯೆತ್ತಿದಾಗ ಒಳಗೆ ಏನೋ ಸ್ತಬ್ಧವಾಗುತ್ತದಲ್ಲ... ಹಾಗಾಯಿತು ನನಗೆ. ಒಂದು ಮೊಳವೂ ಇಲ್ಲದ ಗಿಡದ ಮುಂದೆ! ಅಣ್ಣಾರು ಕೈಮುಗಿದರು. ಗಿಡಕ್ಕೋ ಬಾಯಾರಿಗೋ ತಿಳಿಯಲಿಲ್ಲ.

"ಚಹಾ ಆರಾಕ್ಹತ್ತೇತಿ, ಕುಡೀರಿ," ಎಂದರು ಬಾಯಾರು.

ಕೆಲವು ವರ್ಷಗಳ ನಂತರ ಅವರ ಹೃದಯ ಸೋತಿತು. ನೋಡಲು ಹೋದಾಗ, ಆರಾಮಾಗುತ್ತೀರಿ ಎನ್ನಲು ಬಾಯಿ ತೆರೆದೆ. ಕೈಯೆತ್ತಿ ತಡೆದರು. "ಇಂಥಾ ಮುಖ ನಾ ಭಾಳ ನೋಡೇನಿ ತಂಗಿ. ಸುಳ್ಳ ಹೇಳಬ್ಯಾಡ. ಸುಮ್ನ ಕೂಡು." ಕೂತೆ. ಅವರ ಮುಖದಲ್ಲಿ ಹೆದರಿಕೆಯಿರಲಿಲ್ಲ. ಇನ್ನೊಬ್ಬರಿಗೆ ಹೇಳುತ್ತಿದ್ದ ಸತ್ಯವನ್ನು ತನಗೂ ಹಾಗೆಯೇ ಹೇಳಿಕೊಂಡಿದ್ದರು. ಆ ವಾರವೇ ಹೋದರು.

ಈಗ ಕ್ಲಬ್ಬಿಗೆ ಬಾದಾಮಿ, ಹುನಗುಂದದಿಂದಲೂ ಜನ ಬರುತ್ತಾರೆ. ವಾಟ್ಸಪ್ ತುಂಬ ಗಿಡಗಳ ಫೋಟೋ. ಯಾರೋ ಅಡೇನಿಯಂ ಹೂಗಿಡದ ಹುಚ್ಚು ಹತ್ತಿಸಿಕೊಂಡಿದ್ದಾರೆ, ಇನ್ಯಾರೋ ಕುಂಡಗಳನ್ನು ತಾವೇ ಮಾಡಲು ಕಲಿಯುತ್ತಿದ್ದಾರೆ. ಕಳೆದ ವಾರ ಆಫೀಸಿನಲ್ಲಿದ್ದಾಗ ಇಳಕಲ್ಲಿನ ಅಣ್ಣಾರ ಫೋನ್ ಬಂತು. ಅವರ ಅಂಗಡಿಗೆ ಮರಳಿದ ಹುಣಸೆ, ಬದುಕಿದ ಮೇಲೆ ಮೊದಲ ಸಲ ಹೂ ಬಿಟ್ಟಿದೆಯಂತೆ.

"ಬಾಯಾರಿಗೆ ಹೇಳೂಣಂತ ಫೋನ್ ತಗದ್ನಿರಿ," ಎಂದರು. "ಅವರ ನಂಬರ್ ಇನ್ನೂ ಇಟ್ಟೇನ್ರಿ... ಹಚ್ಚೂ ಮುಂದ ನೆನಪಾತು. ಅದಕ್ಕ ನಿಮಗ ಹಚ್ಚಿದ್ನಿ."