ಕರಪತ್ರದಲ್ಲಿ ಗುಣವಾದವರು

ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಆದರೂ ಮುದ್ರಣಾಲಯದಲ್ಲಿ ಎಲ್ಲರಿಗೂ ಅವರು ಕೊಂಬು ಮೇಷ್ಟ್ರು. ಮೂವತ್ತೊಂದು ವರ್ಷದಿಂದ ಕರಡು ತಿದ್ದುತ್ತಿದ್ದ ಆ ಕಣ್ಣಿನಿಂದ ಬಿಟ್ಟುಹೋದ ಒಂದು ಕೊಂಬೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಮದುವೆಯ ಕರೆಯೋಲೆಯಲ್ಲಿ ವರನ ಹೆಸರು ತಪ್ಪಿದ್ದರೆ ಹಿಡಿಯುತ್ತಿದ್ದರು. ವರನೇ ತಪ್ಪಾಗಿದ್ದರೆ ಅದು ತಮ್ಮ ಕೆಲಸವಲ್ಲ ಎನ್ನುತ್ತಿದ್ದರು.

ಐವತ್ತೆಂಟನೇ ವಯಸ್ಸಿಗೆ ಅವರಿಗೆ ಹೃದಯಾಘಾತವಾಗಿ ಹೃದಯದ ಸ್ನಾಯುವಿನ ಒಂದು ಭಾಗ ಸತ್ತೇಹೋಯಿತು. ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟು, "ಸ್ಟೆಮ್ ಸೆಲ್ ಚಿಕಿತ್ಸೆ ಇನ್ನೂ ಪರೀಕ್ಷೆಯಲ್ಲಿದೆ. ಖಂಡಿತ ವಾಸಿ ಮಾಡ್ತೀವಿ ಅಂತ ಯಾರಾದ್ರೂ ಅಂದ್ರೆ ನಂಬಬೇಡಿ" ಎಂದಿದ್ದರು. ಅಷ್ಟರಲ್ಲಿ ಮುದ್ರಣಾಲಯದ ಯಜಮಾನ, ಮೇಷ್ಟ್ರ ಬಾಲ್ಯದ ಗೆಳೆಯ, ಹೊಸ ಕ್ಲಿನಿಕ್ಕೊಂದರ ಸುದ್ದಿ ತಂದ.

"ನಿನ್ನ ಮೂಳೆಯಿಂದಲೇ ಜೀವಕೋಶ ತೆಗೆದು ನಿನ್ನ ಹೃದಯಕ್ಕೇ ಹಾಕ್ತಾರೆ ಕಣೋ. ಸತ್ತ ಜಾಗದಲ್ಲಿ ಹೊಸದು ಚಿಗುರುತ್ತೆ. ನಾನಿದ್ದೀನಿ, ನಡಿ."

ಮೇಷ್ಟ್ರು ಡಾಕ್ಟರಮ್ಮನ ಮಾತು ಬಿಟ್ಟು ಗೆಳೆಯನ ಮಾತು ಹಿಡಿದರು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಅದರಲ್ಲೂ ಆ ಕಡ್ಡಿ ಚಾಚಿದವನು ಜೊತೆಯಲ್ಲಿ ಆಡಿ ಬೆಳೆದವನು.

ಸೊಂಟದ ಮೂಳೆಗೆ ಸೂಜಿ ಚುಚ್ಚಿದರು. ತೊಡೆಯ ರಕ್ತನಾಳದಿಂದ ಕೊಳವೆ ಹಾಯಿಸಿ ಹೃದಯಕ್ಕೆ ಏನನ್ನೋ ಬಿಟ್ಟರು. ಆರು ತಿಂಗಳಾದರೂ ಏನೂ ಚಿಗುರಲಿಲ್ಲ. ಹೆಂಡತಿ ಆಸೆಯಿಂದ ಕೇಳಿದಾಗಲೆಲ್ಲ ಮೇಷ್ಟ್ರು "ಹಗುರಾಗಿದೆ" ಎನ್ನುತ್ತಿದ್ದರು. ನಿಜ ಗೊತ್ತಿದ್ದದ್ದು ಗೆಳೆಯನೊಬ್ಬನಿಗೇ.

ಒಂದು ಮಂಗಳವಾರ ಅವರ ಮೇಜಿನ ಮೇಲೆ ಆ ಕ್ಲಿನಿಕ್ಕಿನ ಕರಪತ್ರವಿತ್ತು. ಅಭ್ಯಾಸಬಲದಿಂದ ಕೆಂಪು ಪೆನ್ನು ಹಿಡಿದೇ ಓದತೊಡಗಿದರು. ಎರಡನೇ ಪುಟದಲ್ಲಿ ಅವರದೇ ಫೋಟೊ. ಮುದ್ರಣಾಲಯದ ಗುಂಪುಚಿತ್ರದಿಂದ ಕತ್ತರಿಸಿ ತೆಗೆದದ್ದು. ಗೆಳೆಯನ ಕೈ ಇನ್ನೂ ಅವರ ಹೆಗಲ ಮೇಲಿತ್ತು. ಕೆಳಗೆ ಹೀಗಿತ್ತು: "ಮೊದಲೆಲ್ಲ ಏದುಸಿರು ಬಂದು ಮನೆಯ ಮೆಟ್ಟಿಲ ನಡುವೆ ನಿಂತು, ಹೆಂಡತಿಗೆ ಗೊತ್ತಾಗದಿರಲೆಂದು ಬೀಗದ ಕೈ ಹುಡುಕುವಂತೆ ನಟಿಸುತ್ತಿದ್ದೆ. ಅವಳು ಮಲಗಿದ ಮೇಲೆ ಸಾವಿಗೆ ಹೆದರಿ, ದಿಂಬಿಗೆ ಮುಖ ಒತ್ತಿ ಅಳುತ್ತಿದ್ದೆ. ಈಗ ದಿನಕ್ಕೆ ನಾಲ್ಕು ಕಿಲೋಮೀಟರ್ ನಡೆಯುತ್ತೇನೆ."

ನಾಲ್ಕು ಕಿಲೋಮೀಟರು ಹಸಿ ಸುಳ್ಳು. ಅದಕ್ಕೆ ಮುಂಚಿನದೆಲ್ಲ ನಿಜ. ಆ ನಿಜವನ್ನು ಮೇಷ್ಟ್ರು ಹೇಳಿಕೊಂಡದ್ದು ಜಗತ್ತಿನಲ್ಲಿ ಒಬ್ಬನೇ ಒಬ್ಬನ ಹತ್ತಿರ. ಕರಪತ್ರವನ್ನೂ ಪೆನ್ನನ್ನೂ ಹಿಡಿದುಕೊಂಡೇ ಎದ್ದರು. ನೆಟ್ಟಗೆ ಯಜಮಾನನ ಕೋಣೆಗೆ ಹೋದರು.

"ಇದನ್ನ ಬರೆದದ್ದು ಯಾರೋ?"

"ಕ್ಲಿನಿಕ್ಕಿನವರು ಕೇಳಿದ್ರು, ಒಂದೆರಡು ಮಾತು ಹೇಳ್ದೆ. ಅವರ ಅಚ್ಚಿನ ಕೆಲಸವೆಲ್ಲ ಈಗ ನಮ್ಮದೇ ಅಲ್ವೇನೋ."

"ಯಾವಾಗಿಂದ?"

ಗೆಳೆಯ ಕನ್ನಡಕ ತೆಗೆದು ಒರೆಸತೊಡಗಿದ. "ನಿನ್ನನ್ನ ಅಲ್ಲಿಗೆ ಸೇರಿಸಿದ ಮೇಲಿಂದ."

"ಹತ್ತು ಮೆಟ್ಟಿಲು ಹತ್ತಿದ್ರೆ ಏದುಸಿರು ಬಿಡ್ತೀನಿ ನಾನು. ಗೊತ್ತಿದ್ದೂ ಗೊತ್ತಿದ್ದೂ ಹೀಗೆ ಮಾಡಿದೆಯಲ್ಲೋ! ಇದನ್ನ ನಾನು ಅಚ್ಚಿಗೆ ಬಿಡಲ್ಲ."

"ಅದು ಕರಡಲ್ಲ ಕಣೋ, ಕರಡು ನಾನೇ ನೋಡಿದ್ದೆ. ಬೆಳಿಗ್ಗೆನೇ ಪೇಪರ್ ಜೊತೆ ಮನೆಮನೆಗೂ ಹೋಯ್ತು. ನೋಡಿ ಖುಷಿಪಡ್ತೀಯ ಅಂತ ಇಟ್ಟಿದ್ದೆ."

ಮೇಷ್ಟ್ರು ಪೆನ್ನನ್ನು ಅವನ ಮುಂದೆ ಇಟ್ಟು ಹೊರಬಿದ್ದರು. ನಂಬಿದವನೇ ಕುತ್ತಿಗೆ ಕೊಯ್ದನಲ್ಲ ಎಂದು ದಾರಿಯುದ್ದಕ್ಕೂ ಕುದಿದರು. ಹೆಂಡತಿಯ ಮುಂದೆ ಎಲ್ಲ ಹೇಳಿಬಿಡಬೇಕು, ಈ ಸಂಕಟ ಅರ್ಥವಾಗುವುದು ಅವಳೊಬ್ಬಳಿಗೇ ಎಂದುಕೊಂಡು ಮನೆ ಸೇರಿದರು.

ಅವಳು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದಳು. ಒಲೆ ಹಚ್ಚಿರಲಿಲ್ಲ. ತೊಡೆಯ ಮೇಲೆ ಕರಪತ್ರವಿತ್ತು.

"ಅವನು ನನಗೆ ದ್ರೋಹ ಮಾಡ್ದ ಕಣೇ," ಎಂದರು ಬಾಗಿಲಲ್ಲೇ ನಿಂತು.

ಅವಳು ತಲೆಯೆತ್ತಲಿಲ್ಲ. "ನೀವು ಅತ್ತಿದ್ದನ್ನ ಅವರಿಗೆ ಹೇಳಿದ್ರಿ. ಪಕ್ಕದಲ್ಲೇ ಮಲಗ್ತಿದ್ದ ನಾನು ಇದರಲ್ಲಿ ಓದಿ ತಿಳ್ಕೋಬೇಕಾಯ್ತು. ದ್ರೋಹ ಮಾಡಿದ್ದು ಅವರೊಬ್ಬರೇನಾ?"