ಕುರಿಹಿಂಡಿನ ಪಕ್ಕ ಮಲಗಿದ ಗಿಡುಗಗಳು

ಚಳಿಗಾಲ ಕಳೆಯಲು ಬಳ್ಳಾರಿಗೆ ಬರುವವರೂ ಇದ್ದಾರೆ ಎಂದರೆ ಗಾಂಧಿನಗರದ ನನ್ನ ನೆರೆಯವರು ಇಂದಿಗೂ ನಗುತ್ತಾರೆ. "ಇಲ್ಲಿರೋರೇ ಓಡಿಹೋಗಾಕ ನೋಡ್ತಾರ ಮೇಡಂ, ಬರೋರು ಯಾರ್ರೀ?"

ಬರುತ್ತಾರೆ. ದೀಪಾವಳಿಯ ಪಟಾಕಿ ಸದ್ದು ಅಡಗುವ ಹೊತ್ತಿಗೆ ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ಹೊರಟ ಹ್ಯಾರಿಯರ್ ಎಂಬ ಬೇಟೆಹಕ್ಕಿಗಳು ಕುರುಗೋಡು, ಸಿರುಗುಪ್ಪ ನಡುವಿನ ಎರೆ ಹೊಲಗಳಿಗೆ ಬಂದಿಳಿಯುತ್ತವೆ. ಪುಸ್ತಕದ ಕನ್ನಡದಲ್ಲಿ ಇವಕ್ಕೆ ಸೆಳೆವ ಎಂಬ ಚೆಂದದ ಹೆಸರಿದೆ. ಹಳ್ಳಿಯವರಿಗೆ ಎಲ್ಲವೂ ಗಿಡುಗವೇ. ಹಗಲೆಲ್ಲ ಕಡಲೆ, ಹತ್ತಿ ಹೊಲಗಳ ಮೇಲೆ ತೀರಾ ತಗ್ಗಿನಲ್ಲಿ ತೇಲುತ್ತಾ ಮಿಡತೆ ಹಿಡಿಯುವ ಈ ಹಕ್ಕಿಗಳು ರಾತ್ರಿ ಮರ ಏರುವುದಿಲ್ಲ. ಸಂಜೆಗೆ ಎಲ್ಲ ದಿಕ್ಕಿನಿಂದ ಒಂದೇ ಬೀಳು ಹೊಲಕ್ಕೆ ಬಂದು, ಎತ್ತರದ ಹುಲ್ಲಿನ ಮರೆಯಲ್ಲಿ ನೆಲದ ಮೇಲೇ ಮಲಗುತ್ತವೆ. ಥೇಟ್ ನಮ್ಮ ಬೋರ್ಡಿಂಗಿನ ಡಾರ್ಮಿಟರಿ.

ಕಾನ್ವೆಂಟಿನಲ್ಲಿ ನೇಚರ್ ಸ್ಟಡಿ ಕಲಿಸುತ್ತಿದ್ದ ಸಿಸ್ಟರ್ "ಲುಕ್ ಅಪ್, ಗರ್ಲ್ಸ್" ಎನ್ನುತ್ತಿದ್ದರು. ನಾನು ನಿಜವಾಗಿ ತಲೆ ಎತ್ತಿದ್ದು ಟೀಚರ್ ಕೆಲಸದಿಂದ ರಿಟೈರ್ ಆದ ಮೇಲೆ. ಅಷ್ಟು ಹೊತ್ತಿಗೆ ಕತ್ತು ನೋಯಲು ಶುರುವಾಗಿತ್ತು, ವಾಟ್ ಟು ಡೂ. ಗಿಡುಗಗಳ ವಲಸೆಯ ಮೇಲೆ ಕೆಲಸ ಮಾಡುವ ಒಬ್ಬ ಸಂಶೋಧಕಿಗೆ, ಸಂಜೆ ಎಷ್ಟು ಹಕ್ಕಿ ಇಳಿದವು ಎಂದು ಎಣಿಸಿ ತಿಳಿಸುವುದು ನನ್ನ ಪಾಲಿನ ಕೆಲಸ. ಅವು ಕಾರಿದ ಉಂಡೆಗಳನ್ನೂ ಆರಿಸಿ ತರುತ್ತೇನೆ. ಅರಗದ ಮಿಡತೆ ಕಾಲು, ಇಲಿಯ ಕೂದಲು ಅದರಲ್ಲಿರುತ್ತವೆ. ಟೆರೇಸಿನಲ್ಲಿ ಮೆಣಸಿನಕಾಯಿಯ ಪಕ್ಕ ಒಣಹಾಕಿದ್ದೆ. ಮನೆಗೆಲಸದಾಕೆ ಬಗ್ಗಿ ನೋಡಿ, "ಅಮ್ಮಾ, ಇದನ್ನೂ ಕುಟ್ಟಿ ಪುಡಿ ಮಾಡ್ಲೇನ್ರೀ?" ಎಂದಳು.

ಹೋದ ಚಳಿಗಾಲದ ಒಂದು ಸಂಜೆ, ಹಕ್ಕಿಗಳು ಬರುವ ಮೊದಲೇ, ಆ ಬೀಳು ಹೊಲದ ಒಡತಿ ನಾನು ಕೂತಿದ್ದ ಬದುವಿಗೆ ಬಂದಳು. ನನಗಿಂತ ಬಹಳ ಚಿಕ್ಕವಳು, ಬಾಯಿ ಜೋರು.

"ಟೀಚರಮ್ಮಾ, ನಾಳಿ ಇಲ್ಲಿ ಕುಂದ್ರಬ್ಯಾಡ್ರಿ. ಕುರಿ ನಿಲ್ಲಿಸಾಕ ಹೇಳೀನಿ."

ಇದು ನಮ್ಮ ಸೀಮೆಯ ಹಳೆಯ ಪದ್ಧತಿ. ಊರೂರು ಅಲೆಯುವ ಕುರಿಗಾರರ ಹಿಂಡನ್ನು ರಾತ್ರಿ ಹೊಲದಲ್ಲಿ ಬಲೆ ಕಟ್ಟಿ ಕೂಡಿಹಾಕಿದರೆ ಹಿಕ್ಕೆಯೇ ಗೊಬ್ಬರ. ದಿನವೂ ಬಲೆಯನ್ನು ಅಷ್ಟಷ್ಟು ಸರಿಸುತ್ತಾ ಇಡೀ ಹೊಲ ಮುಗಿಸುತ್ತಾರೆ. ಆದರೆ ನೆಲದಲ್ಲಿ ಮಲಗುವ ಹಕ್ಕಿ, ಪಕ್ಕದಲ್ಲಿ ಹಿಂಡಿನ ಕಾವಲು ನಾಯಿ ಬೊಗಳಿದರೆ ಸಾಕು, ಆ ಹೊಲದ ಸಹವಾಸವೇ ಬೇಡ ಎಂದು ಹೋಗಿಬಿಡಬಹುದು.

"ಯುಗಾದಿಗೆ ಇವು ಹೊರಟು ಹೋಗ್ತಾವ. ಅಲ್ಲೀ ಮಟ ತಡಿಯಾಕ ಆಗಲ್ಲೇನವ್ವಾ?"

"ಕುರಿಗಾರ ಅಜ್ಜಗ ಎಲಿ ಅಡಿಕಿ ಕೊಟ್ಟು ಮಾತಾಡೀನ್ರಿ. ಗಿಡುಗ ಮಲಗ್ತಾವಂತ ಹಿಂಡು ವಾಪಸ್ ಕಳಿಸಿದ್ರ ಮುಂದ ನನ್ನ ಹೊಲಕ್ಕ ಯಾರು ಬರ್ತಾರ? ಅಷ್ಟು ದೂರದಿಂದ ಹಾರಿ ಬಂದಾವ, ಇನ್ನೊಂದು ಹೊಲಕ್ಕ ಹೋಗಾಕ ಏನು ಕಾಲು ನೋಯ್ತಾವ?"

"ಅವಕ್ಕ ನೋಯಲ್ಲ. ನನಗ ನೋಯ್ತಾವ" ಎಂದೆ.

ಅವಳು ನಕ್ಕಳು, ಆಮೇಲೆ ನನ್ನ ಮೊಣಕಾಲು ನೋಡಿದಳು. ನಾನು ಹೇಳಿದ್ದು ಸತ್ಯ. ಈ ಹೊಲ ಬಸ್ ನಿಲ್ಲುವ ಕಡೆಯೇ ಇದೆ. ಹಕ್ಕಿಗಳು ಒಳಗೆಲ್ಲೋ ಹೋಗಿ ಸೇರಿಕೊಂಡರೆ, ಹುಡುಕಿಕೊಂಡು ಕೆಸರು ಕಾಲುವೆ ದಾಟುವ ವಯಸ್ಸು ನನ್ನದಲ್ಲ. ನನ್ನ ಗಿಡುಗದ ದಿನಗಳು ಅಲ್ಲಿಗೆ ಮುಗಿದಂತೆ.

ಮರುದಿನ ಮಧ್ಯಾಹ್ನವೇ ಹೋದೆ. ಕುರಿಗಾರ ಅಜ್ಜ ಬಲೆ ಬಿಚ್ಚುತ್ತಿದ್ದ. ರಸ್ತೆ ಕಡೆಯಿಂದ ಶುರುಮಾಡಿ, ಹಕ್ಕಿಗಳು ಮಲಗುವ, ಬದುವಿನ ಪಕ್ಕದ ಹುಲ್ಲಿನ ಪಟ್ಟಿಯನ್ನು ಕೊನೆಗೆ ಇಟ್ಟುಕೊಳ್ಳಿ ಎಂದು ಕೇಳಿದೆ.

"ಕುರಿ ಎಲ್ಲಾದ್ರೂ ನಿಲ್ತಾವ ಅವ್ವಾರ. ನಾಯಿ ಮಾತು ಬ್ಯಾರೆ. ತೋಳ ಬಂದ್ರ ಹುಲ್ಲಿನ ಕಡಿಂದನ ಬರ್ತೈತಿ. ನಾಯಿ ಅಲ್ಲೇ ಇರಬೇಕು."

ಅಲ್ಲೇ ನಿಂತಿದ್ದ ಹೊಲದಾಕೆ ಸೊಂಟಕ್ಕೆ ಕೈಯಿಟ್ಟಳು. "ಅಜ್ಜಾ, ನಾಯಿ ರಸ್ತೆ ಕಡಿ ಕಟ್ಟು. ಹುಲ್ಲಿನ ಕಡಿ ನೀನು ಮಲಕ್ಕೋ. ನಿನ್ನ ಗೊರಕಿ ಕೇಳಿದ್ರ ತೋಳ ಈ ತಾಲೂಕಿಗೇ ಬರಲ್ಲ."

"ಗಿಡುಗ ಬರ್ತಾವೇನು ಮತ್ತ?" ಎಂದ ಅಜ್ಜ.

ಮೂವರೂ ನಕ್ಕೆವು. ಆದರೆ ಅಜ್ಜನ ಮುಖ ಬೇಗ ಬಿಗಿಯಾಯಿತು. "ಒಂದು ರಾತ್ರಿ ನೋಡೂನು. ಒಂದು ಮರಿ ಹೋತಂದ್ರ ನಾಯಿ ಇಲ್ಲಿಗೇ ಬರ್ತಾವ. ಆಮ್ಯಾಲೆ ನನಗೇನೂ ಹೇಳಬ್ಯಾಡ್ರಿ." ಫೇರ್ ಎನಫ್.

ಹೊತ್ತು ಇಳಿಯುವಾಗ ಬದುವಿನ ಮೇಲೆ ಕೂತೆವು. ನನ್ನ ಬಿಳಿ ಸೀರೆ ಬಿಸಿಲಿಗೆ ಹೊಳೆಯುತ್ತದೆಂದು ಅಜ್ಜ ತನ್ನ ಕಂಬಳಿ ಹೊದಿಸಿದ. "ಈಗ ನೀವೂ ಒಂದು ಕುರಿ" ಎಂದಳು ಹೊಲದಾಕೆ. ವಾಸನೆಯೂ ಹಾಗೇ ಇತ್ತು.

ಮೊದಲು ಬಂದದ್ದು ಒಂದು ಗಂಡು. ಬೂದಿ ಮೈ, ಮಸಿಯಲ್ಲಿ ಅದ್ದಿದಂತಿರುವ ರೆಕ್ಕೆಯ ತುದಿ. ಹುಲ್ಲಿನ ಮೇಲೆ ಒಂದು ಸುತ್ತು ಹಾಕಿತು, ಕುರಿ ಅರಚಿದ್ದೇ ತಡ ಮೇಲೇರಿತು. ಹಿಂದೆಯೇ ಕಂದು ಬಣ್ಣದ ಹೆಣ್ಣುಗಳು ಬಂದವು. ಎಲ್ಲವೂ ಸುತ್ತುತ್ತಿದ್ದವು, ಯಾವುದೂ ಇಳಿಯಲಿಲ್ಲ. ಕೆಲವು ಬೇಸತ್ತು ಸಿರುಗುಪ್ಪದ ಕಡೆ ಹೊರಟೇಹೋದವು. ಬೆಳಕು ಮಸುಕಾಗುತ್ತಾ ಬಂತು. ಸಂಶೋಧಕಿಗೆ ಏನೆಂದು ಹೇಳಲಿ ಎಂದು ಮನಸ್ಸಿನಲ್ಲೇ ವಾಕ್ಯ ಕಟ್ಟತೊಡಗಿದೆ. ದಿ ರೂಸ್ಟ್ ಈಸ್ ಲಾಸ್ಟ್, ಮಲಗುವ ತಾಣ ಹೋಯಿತು. ಎಷ್ಟು ಸಣ್ಣ ವಾಕ್ಯ.

ಆಗ ಒಂದು ಹೆಣ್ಣು ಕಾಲು ಇಳಿಬಿಟ್ಟು, ರೆಕ್ಕೆ ಮೇಲೆತ್ತಿ, ಹುಲ್ಲಿನ ಪಟ್ಟಿಯೊಳಗೆ ಮೆಲ್ಲಗೆ ಕುಸಿಯಿತು. ಕುರಿ ಮತ್ತೆ ಅರಚಿತು. ಅದು ಏಳಲಿಲ್ಲ. ಅದನ್ನು ನೋಡಿ ಇನ್ನೊಂದು, ಆಮೇಲೆ ಎರಡು ಒಟ್ಟಿಗೆ. ನಾನು ಎಣಿಸುವುದನ್ನೇ ಮರೆತು ಮತ್ತೆ ಮೊದಲಿನಿಂದ ಶುರುಮಾಡಿದೆ.

ಊರಿನಲ್ಲಿ ಎಮ್ಮೆ ಕೂಗುತ್ತಿತ್ತು. "ನಿನ್ನದೇನು?" ಎಂದೆ ಹೊಲದಾಕೆಗೆ ಪಿಸುಮಾತಿನಲ್ಲಿ. "ಹೂನ್ರಿ, ಒದರ್ಲಿ" ಎಂದವಳು ಏಳಲಿಲ್ಲ. ದಿನಾ ಹಾಲು ಕರೆಯುವ ಹೊತ್ತಾದ್ದರಿಂದ ತನ್ನದೇ ಹೊಲದ ಈ ಸಂಜೆಯನ್ನು ಅವಳು ಒಮ್ಮೆಯೂ ನೋಡಿರಲಿಲ್ಲವಂತೆ. ಪೂರ್ತಿ ಕತ್ತಲಾದ ಮೇಲೆ ಅಜ್ಜನಿಗೆ ಹೇಳಿದಳು: "ಬಲೆ ಈ ಪಟ್ಟಿಗೆ ತರಬ್ಯಾಡ ಅಜ್ಜಾ. ಇವು ಹೋದ ಮ್ಯಾಲೆ ಬಾ."

"ಅಷ್ಟೊತ್ತಿಗೆ ನಾನು ಯಾವ ಊರಾಗ ಇರ್ತೀನೋ."

"ಎಲ್ಲಿದ್ರೂ ಫೋನ್ ಐತಲ್ಲೋ."

ಆ ರಾತ್ರಿ ತೋಳ ಬರಲಿಲ್ಲ, ಅಜ್ಜನಿಗೆ ನಿದ್ದೆಯೂ ಬರಲಿಲ್ಲವಂತೆ. ಹೊರಟುಹೋಗಿದ್ದ ಹಕ್ಕಿಗಳು ನಾಲ್ಕಾರು ದಿನಗಳಲ್ಲಿ ಒಂದೊಂದಾಗಿ ಮರಳಿದವು. ಬೇಸಿಗೆಯ ಬಿಸಿಲು ಏರಿದ ಮೇಲೆ ಎಲ್ಲವೂ ಉತ್ತರಕ್ಕೆ ಹೊರಟವು.

ಈ ಸಲ ಅವಳು ಉಳಿದ ಹೊಲಕ್ಕೆಲ್ಲ ಜೋಳ ಬಿತ್ತಿ ಬದುವಿನ ಪಟ್ಟಿಯನ್ನು ಹಾಗೇ ಬಿಟ್ಟಿದ್ದಾಳೆ. ಪಕ್ಕದ ಹೊಲದವರು ಕೇಳಿದರೆ "ಎಮ್ಮಿಗೆ ಹುಲ್ಲು ಬೇಕಲ್ಲ" ಎನ್ನುತ್ತಾಳೆ. ಎಮ್ಮೆಗೆ ಮೇವು ಬೇರೆ ಕಡೆಯಿಂದ ಹೊತ್ತು ತರುತ್ತಾಳೆ. ಹೋದ ವಾರ ಅಲ್ಲಿ ಎರಡು ಹೆಣ್ಣು ಹಕ್ಕಿ ಇಳಿದಿವೆ. ಗಂಡು ಇನ್ನೂ ಬಂದಿಲ್ಲ. ಬರುತ್ತದೆ, ಇನ್ನೂ ಚಳಿಯೇ ಬಿದ್ದಿಲ್ಲವಲ್ಲ.