ಅವಾರ್ಡಿನಲ್ಲಿ ಬೇಸಿಕ್ ಎಷ್ಟು?

ಮಗಳಿಗೆ ಅಮೆರಿಕದ ಕಾಲೇಜಿನಿಂದ ಅವಾರ್ಡ್ ಬಂದಿದೆ ಎಂದು ನನಗೆ ಮೊದಲು ಹೇಳಿದ್ದು ಮಗಳೂ ಅಲ್ಲ, ಗಂಡನೂ ಅಲ್ಲ. ಭಜನೆಗೆ ಸೇರಿದ್ದ ಹೆಂಗಸರು. ದುಬೈಯಿಂದ ಗಂಟೆ ದಾರಿಯ ಖಲೀಫಾ ಸಿಟಿಯಲ್ಲಿ ನಾವಿರುವ ವಿಲ್ಲಾವನ್ನು ಭಾಗ ಮಾಡಿ ನಾಲ್ಕು ಸಂಸಾರಗಳಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ಕೆಳಗಿನ ಭಾಗದಲ್ಲಿರುವ, ನಾವೆಲ್ಲ ಅಕ್ಕ ಎಂದು ಕರೆಯುವ ಹಿರಿಯರ ಮನೆಯಲ್ಲಿ ಶನಿವಾರ ಸಂಜೆ ಭಜನೆ. ನಾನು ಪಂಚಕಜ್ಜಾಯದ ಡಬ್ಬ ಹಿಡಿದು ಒಳಗೆ ಹೋದರೆ ಎಲ್ಲರೂ ನನ್ನನ್ನೇ ನೋಡಿ ನಗುತ್ತಿದ್ದರು.

"ಎಂತ ಮಾರಾಯ್ತಿ, ಬರೀ ಪಂಚಕಜ್ಜಾಯವಾ? ಅಷ್ಟು ದೊಡ್ಡ ಅವಾರ್ಡ್ ಬಂದದ್ದಕ್ಕೆ ಹೋಳಿಗೆಯಾದ್ರೂ ಬೇಡ್ವಾ?" ಎಂದರು ಅಕ್ಕ.

"ಯಾರಿಗೆ ಅವಾರ್ಡ್?"

"ಒಳ್ಳೆ ಕಥೆ. ನಿನ್ನ ಮಗಳಿಗೆ. ನಿನ್ನ ಗಂಡ ಗ್ರೂಪಿಗೆ ಹಾಕಿದ್ದಾರಲ್ಲ, ಫೋನ್ ನೋಡುವ ಅಭ್ಯಾಸ ಇಲ್ವಾ?"

ನನ್ನ ಫೋನು ಮೇಲೆ ಚಾರ್ಜಿಗಿತ್ತು. ಕುಳಿತು ತಾಳ ಹಾಕಿದೆ, ಆದರೆ ಮನಸ್ಸು ಹಾಡಿನಲ್ಲಿರಲಿಲ್ಲ. ದೇವರ ಎದುರು ಕುಳಿತು ಅನುಮಾನ ಪಡಬಾರದು ಎನ್ನುತ್ತಾರೆ. ನನಗೆ ಅನುಮಾನ ಬರುವುದೇ ಅಲ್ಲಿ ಕುಳಿತಾಗ, ಯಾಕೆಂದರೆ ದಿನದಲ್ಲಿ ನಾನು ಸುಮ್ಮನೆ ಕೂರುವುದು ಆಗ ಮಾತ್ರ. ಅವಾರ್ಡ್ ಎಂದರೆ ಗೆದ್ದವರಿಗೆ ಕೊಡುವುದು. ನನ್ನ ಮಗಳು ಅರ್ಜಿ ಹಾಕಿದ್ದು ಓದಲಿಕ್ಕೆ. ಎಂಥದಕ್ಕೆ ಅವಾರ್ಡು?

ಮನೆಗೆ ಬಂದು ನೋಡಿದರೆ ನನ್ನವರು ಪತ್ರವನ್ನು ಆಫೀಸಿನಲ್ಲಿ ಕಲರ್ ಪ್ರಿಂಟ್ ತೆಗೆಸಿ ತಂದು ದೇವರ ಮುಂದೆ ಇಟ್ಟಾಗಿತ್ತು. ಒಳ್ಳೆಯ ಸುದ್ದಿಯ ಕಾಗದ ಬಂದರೆ ಅದರ ಮೂಲೆಗೆ ಕುಂಕುಮ ಹಚ್ಚುವುದು ನಮ್ಮಲ್ಲಿ ಪದ್ಧತಿ. ನಾನು ಹಚ್ಚಲಿಲ್ಲ. ಇದರಲ್ಲಿ ಏನಿದೆ ಎಂದು ತಿಳಿಯದೆ ಹೇಗೆ ಹಚ್ಚುವುದು?

"ನೂರರಲ್ಲಿ ಎಪ್ಪತ್ತು ಅವರೇ ಕೊಡುವುದಂತೆ. ಉಳಿದ ಮೂವತ್ತು ನಾವು ಹೇಗಾದ್ರೂ ಮಾಡುವ," ಎಂದರು ಇವರು. ಮಗಳು ಸೋಫಾದ ಮೇಲೆ ಕಾಲು ಮಡಚಿ ಕುಳಿತು ಆ ಕಾಲೇಜಿನ ಫೋಟೋಗಳನ್ನೇ ನೋಡುತ್ತಿದ್ದಳು. ಅವಳಿಗೆ ಭೂವಿಜ್ಞಾನ ಓದಬೇಕು. ಹತ್ತನೇ ಕ್ಲಾಸಿನಿಂದ ಅದೊಂದೇ ಮಾತು. ಡಾಕ್ಟರ್ ಆಗು, ಎಂಜಿನಿಯರ್ ಆಗು ಎಂದು ಹೇಳಿದವರೆಲ್ಲ ದಣಿದು ಬಿಟ್ಟುಬಿಟ್ಟಿದ್ದರು. ಹಣ ಕೊಟ್ಟು ಅವಳನ್ನು ಅಲ್ಲಿಗೆ ಕಳಿಸಲು ನಮ್ಮಿಂದ ಆಗುತ್ತದೆಯೋ ಇಲ್ಲವೋ ಎಂಬುದು ಆ ಒಂದು ಹಾಳೆಯ ಮೇಲೆ ನಿಂತಿತ್ತು. ಸೀಟು ಒಪ್ಪಿಕೊಂಡು ಮುಂಗಡ ಕಟ್ಟಲು ತಿಂಗಳ ಕೊನೆಯವರೆಗೆ ಸಮಯ. ಕಟ್ಟಿದ ಮೇಲೆ ಅದು ವಾಪಸ್ ಬರುವುದಿಲ್ಲ.

ಹಾಳೆಯಲ್ಲಿ ನಾಲ್ಕು ಸಾಲು, ಪ್ರತಿ ಸಾಲಿನ ಮುಂದೆ ಒಂದು ಮೊತ್ತ, ಕೆಳಗೆ ದಪ್ಪ ಅಕ್ಷರದಲ್ಲಿ ಒಟ್ಟು ಅವಾರ್ಡ್. ಮೊದಲ ಸಾಲು ಸ್ಕಾಲರ್‌ಶಿಪ್, ಎರಡನೆಯದು ಗ್ರಾಂಟ್. ಮೂರನೆಯದರಲ್ಲಿ ಕ್ಯಾಂಪಸ್ ಕೆಲಸ ಎಂದು ಏನೋ ಇತ್ತು. ನಾಲ್ಕನೆಯದರ ಹೆಸರು ಉದ್ದಕ್ಕಿತ್ತು, ಅದರ ಕೊನೆಯಲ್ಲಿ ಲೋನ್ ಎಂಬ ಶಬ್ದ ಇತ್ತು. ನನ್ನ ಇಂಗ್ಲಿಷ್ ಅಂಗಡಿಯ ರಸೀದಿ, ಶಾಲೆಯ ಸರ್ಕ್ಯುಲರ್ ಓದುವಷ್ಟು ಮಾತ್ರ. ಆದರೂ ಲೋನ್ ಎಂಬುದನ್ನು ಓದದೆ ಬಿಡುವವಳಲ್ಲ.

"ಇದರಲ್ಲಿ ಬೇಸಿಕ್ ಎಷ್ಟು?" ಎಂದು ಕೇಳಿದೆ.

ಇಲ್ಲಿ ಸಂಸಾರ ಮಾಡಿದ ಹೆಂಗಸರಿಗೆ ಈ ಪ್ರಶ್ನೆ ಬಾಯಿಗೆ ತಾನಾಗಿಯೇ ಬರುತ್ತದೆ. ಗಂಡನಿಗೆ ಹೊಸ ಕೆಲಸದ ಆಫರ್ ಬಂದರೆ ಪ್ಯಾಕೇಜ್ ಇಷ್ಟು ಎಂದು ದೊಡ್ಡ ಸಂಖ್ಯೆ ಹೇಳುತ್ತಾರೆ. ಮನೆ ಬಾಡಿಗೆ, ಓಡಾಟ, ಊರಿಗೆ ಹೋಗುವ ಟಿಕೆಟ್, ಇನ್ಶೂರೆನ್ಸ್ ಎಲ್ಲ ಅದರೊಳಗೆ. ಕೆಲಸ ಬಿಡುವ ದಿನ ಕಂಪನಿ ಕೊಡುವ ಇಡುಗಂಟು ಮಾತ್ರ ಬೇಸಿಕ್ ಸಂಬಳದ ಲೆಕ್ಕದ ಮೇಲೆ. ಪ್ಯಾಕೇಜ್ ಕೇಳಿ ಸಂತೋಷಪಟ್ಟು ಬೇಸಿಕ್ ನೋಡದೆ ಸಹಿ ಹಾಕಿದವರ ಮನೆಯ ಕಥೆಗಳನ್ನು ನಾವು ಇಲ್ಲಿ ಸಾಕಷ್ಟು ಕೇಳಿದ್ದೇವೆ.

"ಅಮ್ಮ, ದಿಸ್ ಈಸ್ ನಾಟ್ ಎ ಜಾಬ್," ಎಂದಳು ಮಗಳು, ಫೋನಿನಿಂದ ಮುಖ ಎತ್ತದೆ.

"ಜಾಬ್ ಅಲ್ಲ ಅಂತ ಗೊತ್ತುಂಟು. ಮೂರನೇ ಸಾಲಿನಲ್ಲಿ ಕೆಲಸ ಅಂತ ಬರೆದಿದ್ದಾರಲ್ಲ, ಅದು ಮತ್ತೆಂತ?"

ಇವರು, "ನಿನಗೆ ದೇವರು ಬಂದು ವರ ಕೊಟ್ರೂ ಐಡಿ ಕಾರ್ಡ್ ತೋರಿಸಿ ಅಂತೀಯ," ಎಂದರು. ಅಪ್ಪ ಮಗಳು ಇಬ್ಬರೂ ನಕ್ಕರು. ನಾನೂ ನಕ್ಕೆ. ಅನುಮಾನ ಹೋಗಲಿಲ್ಲ.

ಮರುವಾರ ದುಬೈಗೆ ಹೋದೆವು. ಅರ್ಜಿ ಹಾಕಿಸಿದ್ದ ಕನ್ಸಲ್ಟೆಂಟ್ ಅಲ್ಲಿದ್ದ. ಬೆಂಗಳೂರಿನವನು, ಮಾತು ಸಲೀಸು. ಕುಳಿತ ಕೂಡಲೇ ಮಾವಿನ ಜ್ಯೂಸ್ ಬಂತು. ಕೇಳದೆ ಜ್ಯೂಸ್ ಕೊಡುವ ಆಫೀಸುಗಳ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯ ಇಲ್ಲ, ಆದರೆ ಬಿಸಿಲಿನಿಂದ ಬಂದಿದ್ದೆ, ಕುಡಿದೆ.

"ಆಂಟಿ, ಟೆನ್ಷನ್ ತಗೋಬೇಡಿ. ಇಷ್ಟು ಅವಾರ್ಡ್ ನಮ್ಮ ಸ್ಟೂಡೆಂಟ್ಸ್‌ಗೆ ಬರೋದೇ ಅಪರೂಪ. ಇದನ್ನ ಸಂಬಳದ ಥರ ನೋಡ್ಬಾರ್ದು, ಇದು ಒಂದು ಗೌರವ."

"ಗೌರವ ಸರಿ. ನಾಲ್ಕು ವರ್ಷವೂ ಇಷ್ಟೇ ಗೌರವವಾ, ಅಥವಾ ಮೊದಲ ವರ್ಷ ಮಾತ್ರವಾ?"

"ಜನರಲಿ ಕಂಟಿನ್ಯೂ ಆಗತ್ತೆ."

"ಜನರಲಿ ಅಂದ್ರೆ?"

ಅವನು ಇವರ ಕಡೆ ನೋಡಿ ನಕ್ಕ. "ಸರ್, ಆಂಟಿ ಸಖತ್ ಶಾರ್ಪು."

ನಾನು ಬಿಡಲಿಲ್ಲ. "ನೀವು ನಮ್ಮಿಂದ ಫೀಸ್ ತಗೊಂಡಿಲ್ಲ. ಹಾಗಾದ್ರೆ ಈ ಆಫೀಸಿನ ಬಾಡಿಗೆ ಯಾರು ಕೊಡುವುದು?"

ಮಗಳು ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಅವನು ಕೋಪ ಮಾಡಿಕೊಳ್ಳಲಿಲ್ಲ. ಕಾಲೇಜುಗಳೇ ತಮಗೆ ಕೊಡುತ್ತವೆ ಎಂದ. ಅಂದರೆ ಮಗಳು ಸೇರಿದರೆ ಅವನಿಗೆ ಸಿಗುತ್ತದೆ, ಸೇರದಿದ್ದರೆ ಇಲ್ಲ. ತಪ್ಪೇನಲ್ಲ, ಅವನಿಗೂ ಸಂಸಾರ ಇರುತ್ತದೆ. ಆದರೆ ಆಮೇಲೆ ಅವನು ಹೇಳಿದ್ದನ್ನು ನನಗೆ ಅದೇ ಕಿವಿಯಿಂದ ಕೇಳಲು ಆಗಲಿಲ್ಲ.

ಹೊರಡುವಾಗ ತಗ್ಗಿದ ದನಿಯಲ್ಲಿ, "ಒಂದು ವಿಷಯ. ಡೈರೆಕ್ಟಾಗಿ ಕಾಲೇಜಿಗೆ ಮೇಲ್ ಹಾಕಿ ಅದು ಇದು ಕೇಳೋಕೆ ಹೋಗ್ಬೇಡಿ. ಇವ್ರಿಗೆ ಇಂಟರೆಸ್ಟ್ ಇಲ್ಲ ಅಂದ್ಕೊಂಡು ಇನ್ನೊಬ್ಬರಿಗೆ ಕೊಟ್ಬಿಡ್ತಾರೆ," ಎಂದ.

ಆ ಮಾತು ಅಪ್ಪ ಮಗಳಿಬ್ಬರನ್ನೂ ಹೆದರಿಸಿತು. ವಾಪಸ್ ಬರುವಾಗ ಕಾರಿನಲ್ಲಿ ಮಗಳು, "ನೀನು ಕೇಳಿದ್ದೇ ಹೆಚ್ಚಾಯ್ತು. ಪ್ಲೀಸ್ ಅಮ್ಮ, ಇದನ್ನೂ ಹಾಳು ಮಾಡ್ಬೇಡ," ಎಂದಳು. ಇದನ್ನೂ ಎಂದರೆ ಇನ್ನೇನನ್ನು ಹಾಳು ಮಾಡಿದ್ದೆನೋ ತಿಳಿಯದು, ಕೇಳಲಿಲ್ಲ. ಕೊಟ್ಟವರನ್ನು ಏನು ಕೊಟ್ಟಿರಿ ಎಂದು ಕೇಳಬಾರದು ಎಂದರೆ ಅದು ಎಂಥ ಕೊಡುಗೆ ಎಂದಷ್ಟೇ ಹೇಳಿ ಕಿಟಕಿಯ ಕಡೆ ತಿರುಗಿದೆ.

ಜೆಬೆಲ್ ಅಲಿ ದಾಟುವಾಗ ಇವರು ಗಾಡಿಯ ವೇಗ ಇಳಿಸಿದರು. ಮದುವೆಯಾದ ಹೊಸತರಲ್ಲಿ ಇವರು ಅಲ್ಲಿಯ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್.

"ಕಂಪನಿ ಬಸ್ಸಲ್ಲಿ ನಿಂತುಕೊಂಡು ಹೋಗ್ತಿದ್ದೆವು," ಎಂದರು, ನಮ್ಮಿಬ್ಬರಿಗೂ ಅಲ್ಲ ಎಂಬಂತೆ. "ಆ ಬಸ್ಸಿನ ದುಡ್ಡೂ ಪ್ಯಾಕೇಜಲ್ಲಿ ಸೇರಿಸಿದ್ರು. ಟ್ರಾನ್ಸ್‌ಪೋರ್ಟ್ ಅಲೊವೆನ್ಸ್ ಅಂತ."

ಗಾಡಿಯ ವೇಗ ಮತ್ತೆ ಏರಿಸಿದರು.

"ಕಾಲೇಜಿಗೇ ಬರೆಯುವ," ಎಂದರು ಆಮೇಲೆ. "ಕೇಳಿದ್ದಕ್ಕೆ ಕಿತ್ಕೊಳ್ಳುವವರಾದ್ರೆ ಈಗಲೇ ಗೊತ್ತಾಗ್ಲಿ."

ಮಗಳು ಬರೆದ ಮೇಲ್ ತುಂಬ ಥ್ಯಾಂಕ್ಸ್, ಕೊನೆಯಲ್ಲಿ ಒಂದೇ ಒಂದು ಪ್ರಶ್ನೆ, ಅದೂ ಸುತ್ತಿ ಬಳಸಿ. ನಾನು ಓದಿಸಿಕೊಂಡು ಕೇಳಿ, ಹಾಗಲ್ಲ, ಸಾಲು ಸಾಲಾಗಿ ಕೇಳು ಎಂದೆ. ಇದು ಎಷ್ಟು ವರ್ಷಕ್ಕೆ? ಇದು ಕೊಟ್ಟದ್ದಾ, ತಿರುಗಿ ಕೊಡಬೇಕಾದ್ದಾ, ದುಡಿದು ತಗೊಳ್ಳಬೇಕಾದ್ದಾ? ಮಾರ್ಕು ಕಡಿಮೆ ಆದರೆ ಏನು? ಹಾಸ್ಟೆಲು, ಊಟ ಇದರೊಳಗೋ ಹೊರಗೋ?

"ರೂಡ್ ಆಗ್ತದೆ ಅಮ್ಮ."

"ದೇವರ ಹತ್ರ ನಾವು ದಿನಾ ಕೇಳುವುದಿಲ್ವಾ? ಅವ ಯಾವತ್ತಾದ್ರೂ ರೂಡ್ ಅಂದಿದ್ದಾನಾ?"

"ಅವ ರಿಪ್ಲೈ ಮಾಡುವುದೂ ಇಲ್ಲ," ಎಂದಳು. ಆದರೆ ಬರೆದಳು.

ಆಮೇಲೆ ಕಾಯುವುದು. ಊಟ ಮಾಡುವಾಗಲೂ ಅವಳ ಫೋನು ತಟ್ಟೆಯ ಪಕ್ಕ. ನನ್ನೊಡನೆ ಮಾತು ಬೇಕಾದಷ್ಟಕ್ಕೆ ಮಾತ್ರ. ಉತ್ತರ ಬರುವುದಿಲ್ಲ ಎಂದೇ ನಾನು ಎಣಿಸಿದ್ದೆ, ಬಂದರೂ ಜನರಲಿ ಎಂದು ಬರುತ್ತದೆ ಎಂದು. ದಿನಾ ದೀಪ ಹಚ್ಚುವಾಗ ಕೇಳಿದ್ದು ಒಂದೇ: ಒಳ್ಳೆಯದೋ ಕೆಟ್ಟದ್ದೋ, ಸ್ಪಷ್ಟವಾಗಿ ಹೇಳಿಬಿಡಲಿ.

ಒಂದು ಬೆಳಿಗ್ಗೆ ನಾನು ಇಡ್ಲಿ ಪಾತ್ರೆಗೆ ನೀರಿಡುತ್ತಿದ್ದಾಗ ಮಗಳು ಎದ್ದು ಬಂದು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. ಕಾಲೇಜಿನ ಆಫೀಸಿನ ಯಾರೋ ಒಬ್ಬ ಹೆಂಗಸು ಉತ್ತರ ಬರೆದಿದ್ದಳು. ಕೇಳಿದ ಕ್ರಮದಲ್ಲೇ, ಒಂದೊಂದಕ್ಕೂ. ಸ್ಕಾಲರ್‌ಶಿಪ್ ನಾಲ್ಕು ವರ್ಷವೂ ಇದೆ, ಆದರೆ ಪ್ರತಿ ವರ್ಷ ಇಷ್ಟು ಮಾರ್ಕು ಉಳಿಸಿಕೊಂಡರೆ. ಗ್ರಾಂಟ್ ಮೊದಲ ವರ್ಷಕ್ಕೆ ಮಾತ್ರ, ಆಮೇಲೆ ಮತ್ತೆ ಅರ್ಜಿ. ಸಿಗುತ್ತದೆ ಎಂದು ಮಾತು ಕೊಡಲಾರೆ ಎಂದಿದ್ದಳು. ಕ್ಯಾಂಪಸ್ ಕೆಲಸದ ಹಣ ಫೀಸಿನಿಂದ ಕಳೆಯುವುದಿಲ್ಲ, ಕೆಲಸ ಹುಡುಕಿಕೊಂಡು ಮಾಡಿದರೆ ಗಂಟೆಗೆ ಇಷ್ಟು ಎಂದು ಕೈಗೆ ಬರುತ್ತದೆ. ನಾಲ್ಕನೆಯದು ಸಾಲವೇ, ಬೇಡವೆಂದರೆ ಬಿಡಬಹುದು, ಬೇಕೆಂದರೆ ಅಮೆರಿಕದಲ್ಲಿ ನೆಲೆಸಿದ ಒಬ್ಬರು ಜಾಮೀನು ನಿಲ್ಲಬೇಕು. ಹಾಸ್ಟೆಲು, ಊಟ, ಇನ್ಶೂರೆನ್ಸ್ ಹೊರಗೆ. ಮನೆಯವರು ಕೂತು ಯೋಚಿಸಲು ಮುಂಗಡದ ಗಡುವನ್ನು ಎರಡು ವಾರ ಮುಂದೆ ಹಾಕಿದ್ದೇನೆ ಎಂದು ಕೊನೆಗೆ.

ಇಷ್ಟು ಒಳ್ಳೆಯ ಹೆಂಗಸೇ? ಅದೂ ಅನುಮಾನ ಬಂತು. ಮೇಲ್ ಬಂದದ್ದು ಕಾಲೇಜಿನಿಂದಲೇ ಹೌದಾ ಎಂದು ಇವರಿಂದ ಎರಡು ಸಲ ನೋಡಿಸಿದೆ. ಹೌದು. ನಾನು ಆ ಕಾಲೇಜನ್ನು ಮೋಸಗಾರರ ಸಾಲಿಗೆ ಸೇರಿಸಿ ಇಟ್ಟಿದ್ದೆ. ಅವರು ಕೇಳಿದ್ದಕ್ಕೆಲ್ಲ ಹೇಳಿದರು. ಆದರೆ ಕೇಳದೆ ಹೋಗಿದ್ದರೆ ಹಾಳೆಯ ಕೆಳಗಿನ ದಪ್ಪ ಅಕ್ಷರವೇ ನಮಗೆ ಉಳಿಯುತ್ತಿತ್ತು, ಅದೂ ಸುಳ್ಳಲ್ಲ. ಹಾಗಾಗಿ ಆ ಸಾಲಿನಿಂದ ಅವರನ್ನು ಪೂರ್ತಿ ತೆಗೆದೆ ಎಂದು ಹೇಳಲಾರೆ.

ಗಟ್ಟಿಯಾಗಿ ನಮ್ಮದು ಎನ್ನುವಂಥದ್ದು ಆ ಮೊದಲ ಸಾಲು ಮಾತ್ರ, ಅದಕ್ಕೂ ಮಾರ್ಕಿನ ಕಟ್ಟು. ನೂರರಲ್ಲಿ ಎಪ್ಪತ್ತು ಎಂದಿದ್ದು ಮೂವತ್ತೂ ಆಗಲಿಲ್ಲ.

ಆ ಸಂಜೆ ಇವರು, "ಊರಲ್ಲಿ ಸೈಟ್ ಉಂಟಲ್ಲ. ಮಾರಿದ್ರೆ ಎರಡು ವರ್ಷದ ಖರ್ಚಿಗೆ ಆಗ್ತದೆ," ಎಂದರು.

"ಮೂರನೇ ವರ್ಷ?"

"ಅಷ್ಟರಲ್ಲಿ ದೇವರು ಏನಾದ್ರೂ ದಾರಿ ತೋರಿಸ್ತಾನೆ. ನೀನೇ ಹೇಳುವುದಲ್ವಾ ಹಾಗೆ?"

ನನ್ನ ಮಾತನ್ನು ನನಗೇ ಹಿಂದಿರುಗಿಸಿದರು. ಸಿಟ್ಟು ಬಂತು. ದೇವರು ದಾರಿ ತೋರಿಸುತ್ತಾನೆ, ಹೌದು, ಆದರೆ ನಡುದಾರಿಯಲ್ಲಿ ಮಗಳನ್ನು ನಿಲ್ಲಿಸಿ ಅವನ ಮೇಲೆ ಭಾರ ಹಾಕುವುದು ಭಕ್ತಿಯಲ್ಲ ಎಂದೆ. ಮಗಳ ಕೋಣೆಯ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅದು ಮುಚ್ಚಿದ ಸದ್ದಾಯಿತು.

ಈ ದೇಶದಲ್ಲೇ ಇರುವ ಅಲ್ ಐನ್‌ನ ಒಂದು ವಿಶ್ವವಿದ್ಯಾಲಯದಲ್ಲೂ ಅವಳಿಗೆ ಸೀಟು ಸಿಕ್ಕಿತ್ತು, ಅದೇ ವಿಷಯಕ್ಕೆ, ಫೀಸಿನಲ್ಲಿ ಸ್ವಲ್ಪ ರಿಯಾಯಿತಿಯೊಂದಿಗೆ. ಆ ಪತ್ರವನ್ನು ಯಾರೂ ಪ್ರಿಂಟ್ ತೆಗೆಸಿರಲಿಲ್ಲ, ಗ್ರೂಪಿಗೂ ಹಾಕಿರಲಿಲ್ಲ. ಕೆಲವು ದಿನ ಕಳೆದು ಮಗಳೇ ಬಂದು ಹೇಳಿದಳು: "ಅಮೆರಿಕದ್ದು ಡಿಕ್ಲೈನ್ ಮಾಡಿದೆ. ಅಲ್ ಐನ್‌ಗೆ ಫೋನ್ ಮಾಡಿ ಎಲ್ಲ ಕೇಳಿದೆ. ಅವರು ಬಿಡುವ ಫೀಸು ನಾಲ್ಕು ವರ್ಷಕ್ಕೂ ಉಂಟು, ಬರೆದು ಕೊಡ್ತಾರೆ. ಖಲಾಸ್."

ನಾನು ಅವಳ ಮುಖ ನೋಡಿದೆ. ಅಳಲಿಲ್ಲ, ಸಿಟ್ಟೂ ಇರಲಿಲ್ಲ. ಅಷ್ಟು ಸುಲಭವಾಗಿ ಹೇಳಿದಳಲ್ಲ ಎಂದೇ ನನಗೆ ಹೆದರಿಕೆ. ಸೈಟಿನ ಮಾತು ಕೇಳಿಸಿಕೊಂಡು ನಮ್ಮನ್ನು ಉಳಿಸಲು ಹೀಗೆ ಮಾಡಿದಳೋ? ಕಾಗದದ ಸಾಲುಗಳನ್ನಾದರೆ ಒಂದೊಂದಾಗಿ ಕೇಳಬಹುದು. ಮಗಳನ್ನು ಹೇಗೆ ಕೇಳುವುದು? ಅವಳು ಹಾಸ್ಟೆಲಿಗೆ ಹೋಗುವವರೆಗೂ ಕೇಳಲಿಲ್ಲ. ಭಜನೆಯಲ್ಲಿ ಅಕ್ಕ, "ಅವಾರ್ಡ್ ಬಿಟ್ಟಳಂತೆ ಹೌದಾ? ಅಯ್ಯೋ ಪಾಪ," ಎಂದಾಗ ನಕ್ಕು ಪ್ರಸಾದ ಹಂಚಿದೆ.

ಮೊದಲ ಸಲ ರಜೆಗೆ ಬಂದಾಗ ಕೇಳಿದೆ. ಅವಳು ಊಟ ಮುಗಿಸಿ ಮಜ್ಜಿಗೆ ಕುಡಿಯುತ್ತಿದ್ದಳು, ಇವರು ಹೊರಗೆ ಹೋಗಿದ್ದರು.

"ನಿಜ ಹೇಳು. ನಮಗೋಸ್ಕರ ಬಿಟ್ಟದ್ದಾ?"

ಲೋಟ ಕೆಳಗಿಟ್ಟಳು. "ಅರ್ಧ ಹೌದು."

"ಇನ್ನರ್ಧ?"

"ಪ್ರತಿ ಸಲ ಮಾರ್ಕ್ಸ್ ಬರುವಾಗ ಸ್ಕಾಲರ್‌ಶಿಪ್ ಹೋಯ್ತಾ ಅಂತ ಹೆದರಿಕೊಂಡು ಕೂತ್ಕೊಳ್ಳುವುದು ನನ್ನಿಂದ ಆಗ್ಲಿಕ್ಕಿಲ್ಲ ಅಮ್ಮ."

"ಬೇಜಾರು ಉಂಟಾ?"

"ಉಂಟು. ಫ್ರೆಂಡ್ಸ್ ಅಲ್ಲಿಂದ ಫೋಟೋ ಹಾಕಿದ್ರೆ ಉಂಟು. ಕ್ಲಾಸಲ್ಲಿ ಇದ್ರೆ ಇಲ್ಲ. ಯಾಕೆ ಹಾಗೆ ನೋಡ್ತಿ?"

ಸುಳ್ಳು ಹುಡುಕುತ್ತಿದ್ದೆ. ಸಿಗಲಿಲ್ಲ. ಸಿಕ್ಕಿದ್ದು ನಮಗೋಸ್ಕರ ಎಂಬ ಆ ಅರ್ಧ ಮಾತ್ರ, ಅದನ್ನು ಏನು ಮಾಡಬೇಕೆಂದು ನನಗೆ ಗೊತ್ತಿಲ್ಲ; ದೇವರ ಹತ್ತಿರ ದಿನಾ ಹೇಳುವುದರಲ್ಲಿ ಅದನ್ನೂ ಸೇರಿಸಿಕೊಂಡಿದ್ದೇನೆ. ಕೇಳಿದ್ದಕ್ಕೆ ಮಗಳು ನೇರವಾಗಿ ಉತ್ತರ ಕೊಟ್ಟಳು ಎಂಬುದನ್ನು ಮಾತ್ರ ದೇವರ ಕೃಪೆಯ ಲೆಕ್ಕಕ್ಕೆ ಬರೆದುಕೊಂಡೆ. ಇನ್ನೊಂದು ಲೋಟ ಮಜ್ಜಿಗೆ ಬೇಕಾ ಎಂದೆ. ಬೇಡ, ನಿದ್ದೆ ಬರ್ತಾ ಉಂಟು ಎಂದು ಸೋಫಾದಲ್ಲೇ ಮಲಗಿದಳು.